ದಾವೀದನ ಕುಮಾರ, ಬಡಗಿಯ ಸಾಕುಮಗ

ಮತ್ತಾಯನ ಶುಭಸಂದೇಶ ವಂಶಾವಳಿಯಿಂದ ಶುರುವಾಗುತ್ತದೆ. ಅಬ್ರಹಾಮನಿಂದ ದಾವೀದ, ದಾವೀದನಿಂದ ಬಡಗಿ ಜೋಸೆಫರ ತನಕ ಹೆಸರುಗಳೋ ಹೆಸರುಗಳು. ಫಾದರ್ ಅದನ್ನು ಓದುವಾಗ ನಾವು ಆಕಳಿಸುತ್ತೇವೆ. ಆಕಳಿಸದೆ ಕೇಳಿದರೆ ಅಪಾಯವಿದೆ. ಯೇಸು ದಾವೀದನ ವಂಶಕ್ಕೆ ಸೇರಿದ್ದು ಜೋಸೆಫರ ಕಡೆಯಿಂದ; ಜೋಸೆಫರೋ ಸಾಕುತಂದೆ. ರಕ್ತಸಂಬಂಧವಿಲ್ಲದ ಮಗನನ್ನು ಮನೆತನದ ಪಟ್ಟಿಗೆ ಸೇರಿಸಿಕೊಂಡೇ ಹೊಸ ಒಡಂಬಡಿಕೆ ಬಾಯಿ ತೆರೆಯುತ್ತದೆ.

ಇನ್ನು ಮಂಗಳೂರಿನ ನಮ್ಮ ಕಡೆ ಮಕ್ಕಳಿಲ್ಲದ ದಂಪತಿ ದತ್ತಿನ ಮಾತೆತ್ತಲಿ ನೋಡೋಣ. “ಯಾರ ರಕ್ತವೋ ಏನೋ! ನಾಳೆ ಆಸ್ತಿ ಕೇಳಿದರೆ ಏನು ಮಾಡ್ತೀರಿ ಮಾರಾಯ್ರೆ?” ನಾವೆಲ್ಲ ದೇವರ ದತ್ತುಮಕ್ಕಳು, ಆದ್ದರಿಂದ ಹಕ್ಕುದಾರರು ಎಂದು ಪೌಲ ರೋಮಿನವರಿಗೆ ಬರೆದಿದ್ದಾನೆ. ಸ್ವರ್ಗದಲ್ಲಿ ಪಾಲು ಕೇಳುವಾಗ ದತ್ತು ಶಾಸ್ತ್ರಸಮ್ಮತ. ಕಂಕನಾಡಿಯ ಐದು ಸೆಂಟ್ಸ್ ಜಾಗಕ್ಕೆ ಬಂದಾಗ ರಕ್ತಪರೀಕ್ಷೆ.

ದತ್ತು ಬೇಡವೆನ್ನಲು ಹಿಂದೆ ಒಂದು ಗಟ್ಟಿ ನೆಪವಿತ್ತು. 1956ರ ದತ್ತು ಕಾಯ್ದೆ ಹಿಂದೂಗಳಿಗೆ. 1890ರ ಕಾಯ್ದೆಯಡಿ ಕ್ರೈಸ್ತರು ಪಾಲಕರಾಗಬಹುದಿತ್ತು, ಅಪ್ಪ ಅಮ್ಮ ಆಗುವಂತಿರಲಿಲ್ಲ. 2000ದಲ್ಲಿ ಬಾಲನ್ಯಾಯ ಕಾಯ್ದೆ ಬಂತು, 2006ರಲ್ಲಿ ತಿದ್ದುಪಡಿಯಾಯಿತು. ಯಾವ ಧರ್ಮದವರೂ ಅದರಡಿ ದತ್ತು ಪಡೆಯಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ನೆಪ ಸತ್ತಿತು, ಅದರ ಸಂತಾನ ಉಳಿಯಿತು.

ಮದರ್ ತೆರೇಸಾ ಕಟ್ಟಿದ ಮಿಷನರೀಸ್ ಆಫ್ ಚಾರಿಟಿಯೇ 2015ರಲ್ಲಿ, ಮದುವೆಯಾಗದವರಿಗೂ ವಿಚ್ಛೇದಿತರಿಗೂ ಮಗು ಕೊಡಬೇಕೆಂಬ ನಿಯಮ ಒಪ್ಪದೆ, ಭಾರತದಲ್ಲಿ ದತ್ತು ಕೊಡುವ ಕೆಲಸದಿಂದ ಹಿಂದೆ ಸರಿಯಿತು. ಅಪ್ಪನಿಲ್ಲದ ಮನೆಗಿಂತ ಮನೆಯೇ ಇಲ್ಲದಿರುವುದು ಮಗುವಿಗೆ ಲೇಸು ಎಂಬ ಲೆಕ್ಕವನ್ನು ಯಾವ ದೇವದೂತ ಕಲಿಸಿದನೋ!

ಹಾಗೆಂದು ನಮಗೆ ಕನಿಕರವಿಲ್ಲ ಎನ್ನಬೇಡಿ. ಡಿಸೆಂಬರ್ ಬಂತೆಂದರೆ ಅನಾಥಾಶ್ರಮಕ್ಕೆ ಕ್ರಿಸ್ಮಸ್ ತಿಂಡಿ ಕುಸ್ವಾರ್, ಕೇಕು, ಹಳೆ ಬಟ್ಟೆಯ ಗಂಟು. ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿ ಫೋಟೋ. ಆ ಸಾಲಿನ ಎಂಟು ವರ್ಷದ ಹುಡುಗ ಯಾರನ್ನಾದರೂ “ಅಪ್ಪಾ” ಎನ್ನುವ ಮೊದಲೇ ನಮ್ಮ ಗಾಡಿ ಗೇಟು ದಾಟಿರುತ್ತದೆ. ಮನೆಗೆ ಬಂದು ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸುತ್ತೇವೆ. ಇಂಥ ಮಗುವಾದರೆ ಎಷ್ಟೂ ಸಾಕಬಹುದು. ಅಳುವುದಿಲ್ಲ, ಶಾಲೆ ಫೀಸಿಲ್ಲ, ವಿಲ್ ಬರೆಯಬೇಕಿಲ್ಲ, ಜನವರಿಯಲ್ಲಿ ಅಟ್ಟಕ್ಕೆ ಹಾಕಿದರೂ ಯಾರೂ ದೂರು ಕೊಡುವುದಿಲ್ಲ.

ನಮ್ಮ ನಂಬಿಕೆಗೂ ನಡತೆಗೂ ಹೊಂದಾಣಿಕೆ ಬೇಕಲ್ಲವೇ? ಮುಂದಿನ ಇಗರ್ಜಿ ಕಮಿಟಿ ಸಭೆಗೆ ಈ ಠರಾವನ್ನು ಸೂಚಿಸುತ್ತೇನೆ: “ಬೆತ್ಲೆಹೇಮಿನಲ್ಲಿ ಹುಟ್ಟಿದ ಸದರಿ ಮಗುವಿಗೂ ಬಡಗಿ ಜೋಸೆಫರಿಗೂ ರಕ್ತಸಂಬಂಧ ಸಾಬೀತಾಗದ ಕಾರಣ, ‘ದಾವೀದನ ಕುಮಾರ’ ಎಂಬ ಬಿರುದನ್ನು ಹಿಂಪಡೆಯಲಾಗಿದೆ.” ಅನುಮೋದಿಸುವವರು ಕೈ ಎತ್ತಿ. ಸಂಕೋಚ ಬೇಡ, ಮನೆಯಲ್ಲಿ ಈಗಾಗಲೇ ಎತ್ತಿದ್ದೀರಿ.