ಡಿಸ್ಟ್ರೋ ಭಾವ

ಕರಾವಳಿಯ ಪ್ರತಿ ಕುಟುಂಬದಲ್ಲೂ ಏನಾದರೊಂದು ಹುಚ್ಚಿನ ಭಾವ ಇದ್ದೇ ಇರುತ್ತಾರೆ. ಕೆಲವರ ಪಾಲಿಗೆ ಹೋಮಿಯೋಪತಿ ಗುಳಿಗೆ ಹಂಚುವ ಭಾವ ಬಂದಿರುತ್ತಾರೆ. ಇನ್ನು ಕೆಲವರಿಗೆ, ಯಾವ ಮೇಳದಲ್ಲಿ ಯಾವ ವರ್ಷ ಯಾರು ಭಾಗವತರಿದ್ದರು ಎಂದು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುವ ಭಾವ. ನಮ್ಮ ಪಾಲಿಗೆ ಬಂದವರು ಲಿನಕ್ಸ್ ಭಾವ. ಬ್ಯಾಂಕಿನಿಂದ ನಿವೃತ್ತರಾಗಿ ಉಡುಪಿಯಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಪಿಂಚಣಿ ಬರುತ್ತದೆ, ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ, ಮಕ್ಕಳು ಹೊರದೇಶದಲ್ಲಿ ನೆಲೆಯಾಗಿದ್ದಾರೆ. ಬದುಕಿನಲ್ಲಿ ತೀರ್ಮಾನವಾಗದೆ ಬಾಕಿ ಉಳಿದದ್ದು ಒಂದೇ: ಮನೆಯ ಕಂಪ್ಯೂಟರಿಗೆ ಯಾವ ಲಿನಕ್ಸ್ ಹಾಕುವುದು?

ಉಪನಯನವಿರಲಿ, ಗೃಹಪ್ರವೇಶವಿರಲಿ, ಭಾವ ಕೂರುವುದು ಎರಡನೇ ಪಂಕ್ತಿಗೆ. ಮೊದಲ ಪಂಕ್ತಿಯವರಿಗೆ ಬಸ್ಸಿನ ಅವಸರ, ಅವರೊಡನೆ ಮಾತಾಡಿ ಪ್ರಯೋಜನವಿಲ್ಲ. ಸಾರು ಬರುವಷ್ಟರಲ್ಲಿ ಪಕ್ಕದವರ ಊರು, ಉದ್ಯೋಗ ವಿಚಾರಿಸಿ ಮುಗಿದಿರುತ್ತದೆ. ಕೊದ್ದೆಲು ಬಡಿಸುವಾಗ ಮೆಲ್ಲ ಪ್ರಶ್ನೆ ಹಾಕುತ್ತಾರೆ: “ನಿಮ್ಮ ಮನೆಯ ಕಂಪ್ಯೂಟರಿಗೆ ರ‍್ಯಾಮ್ ಎಷ್ಟುಂಟು?”

ಆಮೇಲೆ ಉಪನ್ಯಾಸ. “1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎನ್ನುವ ಹುಡುಗ ಶುರು ಮಾಡಿದ್ದು ಬರೀ ಕರ್ನೆಲ್ ಮಾರಾಯ್ರೆ. ಅದಕ್ಕೆ ಡೆಸ್ಕ್‌ಟಾಪು, ಬ್ರೌಸರು, ಆಫೀಸು ಎಲ್ಲ ಸೇರಿಸಿ ಕಟ್ಟಿಕೊಡುವವರು ಬೇರೆ ಬೇರೆ. ಒಬ್ಬೊಬ್ಬರು ಕಟ್ಟಿದ್ದು ಒಂದೊಂದು ಡಿಸ್ಟ್ರೋ. ನೂರಾರು ಉಂಟು. ದುಡ್ಡು ಕೊಡ್ಲಿಕ್ಕಿಲ್ಲ.” ದುಡ್ಡು ಕೊಡ್ಲಿಕ್ಕಿಲ್ಲ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಮ್ಮ ಊರಿನವರು ಅರ್ಧಕ್ಕೆ ಏಳುವವರಲ್ಲ. ಪಾಯಸದ ಹೊತ್ತಿಗೆ ಭಾವ ಅವರ ಮನೆಗೆ ಹೋಗುವ ದಿನ ನಿಗದಿಯಾಗಿರುತ್ತದೆ. ಸಲಕರಣೆ ಏನೂ ಬೇಡ. ಸ್ಕೂಟರಿನ ಕೀಲಿಗೊಂಚಲಿನಲ್ಲೇ 64 ಜಿಬಿಯ ಪೆನ್‌ಡ್ರೈವ್ ನೇತಾಡುತ್ತಿರುತ್ತದೆ. ಅದಕ್ಕೆ ವೆಂಟಾಯ್ ಎಂಬ ತಂತ್ರಾಂಶ ಹಾಕಿ, ಹತ್ತಾರು ಡಿಸ್ಟ್ರೋಗಳ ಐಎಸ್‌ಒ ಕಡತಗಳನ್ನು ತುಂಬಿಸಿಟ್ಟಿದ್ದಾರೆ.

ಊರಿಗೆಲ್ಲ ಡಿಸ್ಟ್ರೋ ಆರಿಸಿಕೊಡುವ ಭಾವನ ಸ್ವಂತ ಕಂಪ್ಯೂಟರಿನ ಕಥೆ ಬೇರೆ. ಚಾವಡಿಯ ಮೂಲೆಯಲ್ಲಿ, ಅಕ್ಕ ಕಸೂತಿ ಹಾಕಿದ ಹೊದಿಕೆಯ ಕೆಳಗೆ ಅದು ಕೂತಿದೆ. ಸ್ವಿಚ್ ಹಾಕಿದರೆ ಮೊದಲು ಬರುವುದು ಕಪ್ಪು ಪರದೆ, ಅದರಲ್ಲಿ ಉದ್ದನೆಯ ಪಟ್ಟಿ: ಉಬುಂಟು, ಫೆಡೋರಾ, ಮಿಂಟ್, ಡೆಬಿಯನ್, ಮತ್ತೆ ಇನ್ನೊಂದು ಉಬುಂಟು. ಹತ್ತು ಸೆಕೆಂಡಿನೊಳಗೆ ಬಾಣದ ಕೀಲಿ ಒತ್ತಿ ಆರಿಸಬೇಕು. ಅಕ್ಕ ಕನ್ನಡಕ ಹುಡುಕಿ ಬರುವುದರೊಳಗೆ ಅದು ತನಗೆ ತೋಚಿದ್ದನ್ನು ತೆರೆದುಕೊಂಡುಬಿಡುತ್ತದೆ. “ಹೋಯ್, ಇವತ್ತು ಯಾವುದನ್ನು ಒತ್ತಬೇಕು?” ಎಂದು ಅಕ್ಕ ಅಡುಗೆಮನೆಯಿಂದಲೇ ಕೇಳುತ್ತಾಳೆ. “ಮೂರನೆಯದ್ದು. ಬೇಡ ಬೇಡ, ಅದಕ್ಕೆ ನಿನ್ನೆ ಅಪ್‌ಡೇಟ್ ಕೊಟ್ಟಿದ್ದೇನೆ, ಧ್ವನಿ ಬರ್ತಿಲ್ಲ. ಎರಡನೆಯದ್ದು ಒತ್ತು.” ಅಕ್ಕನಿಗೆ ಬೇಕಾದದ್ದು ಮೆಸ್ಕಾಂ ಬಿಲ್ಲು ಕಟ್ಟಲಿಕ್ಕೆ, ಯಕ್ಷಗಾನ ನೋಡಲಿಕ್ಕೆ, ಆಧಾರ್ ಪ್ರಿಂಟ್ ತೆಗೆಯಲಿಕ್ಕೆ ಒಂದು ಕಿಟಕಿ. ಅದು ಐದರಲ್ಲಿ ಯಾವುದನ್ನು ಒತ್ತಿದರೂ ಸಿಗುತ್ತದೆ. ಐದರಲ್ಲೂ ಇರುವುದು ಅದೇ ಫೈರ್‌ಫಾಕ್ಸ್, ಅದೇ ಲಿಬ್ರೆಆಫೀಸ್. ಇದನ್ನು ಭಾವನಿಗೆ ಯಾರೂ ಹೇಳಬಾರದು.

ಹಾಗೆಂದು ಭಾವ ವಿಚಾರ ಮಾಡದ ಮನುಷ್ಯರಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿ, ಅಂದರೆ ಎಲ್‌ಟಿಎಸ್, ಸಮವರ್ಷದ ಏಪ್ರಿಲ್‌ನಲ್ಲಿ ಬರುತ್ತದೆ. ಕೃಷ್ಣಮಠದ ಪರ್ಯಾಯವೂ ಸಮವರ್ಷದ ಜನವರಿ 18ಕ್ಕೇ. ಭಾವನ ಲೆಕ್ಕವೆಲ್ಲ ಅದರ ಮೇಲೆ ನಡೆಯುತ್ತದೆ. 2016ರಲ್ಲಿ ಪೇಜಾವರ ಪರ್ಯಾಯ, 16.04. 2018ರಲ್ಲಿ ಪಲಿಮಾರು, 18.04. 2022ರಲ್ಲಿ ಕೃಷ್ಣಾಪುರ, 22.04. 2024ರಲ್ಲಿ ಪುತ್ತಿಗೆ, 24.04. ಫೆಡೋರಾ ಆರಾರು ತಿಂಗಳಿಗೆ ಬದಲಾಗುತ್ತದೆ, ಒಂದೊಂದರ ಆಯುಷ್ಯ ಹದಿಮೂರು ತಿಂಗಳು ಎಂಬಲ್ಲಿಗೆ ಬಂದಾಗ ಅವರ ದನಿ ಏರುತ್ತದೆ. “ಮಠಗಳಿಗೂ ಮೊದಲು ಎರಡೆರಡು ತಿಂಗಳ ಸರದಿ ಇತ್ತು. ಇದರಲ್ಲಿ ಓಡಾಟವೇ ಆಯ್ತು ಅಂತ ವಾದಿರಾಜರು ಎರಡು ವರ್ಷ ಮಾಡಿದ್ರು. ಐನೂರು ವರ್ಷ ಆಯ್ತು, ಫೆಡೋರಾದವರಿಗೆ ಇನ್ನೂ ಗೊತ್ತಾಗ್ಲಿಲ್ಲ!” ಇಷ್ಟು ಹೇಳಿ, ಮನೆಗೆ ಹೋಗಿ, ಹೊಸ ಫೆಡೋರಾ ಇಳಿಸಿಕೊಳ್ಳುತ್ತಾರೆ.

ಭಾವನ ಎದುರಾಳಿ ಇರುವುದು ಮಣಿಪಾಲದಲ್ಲಿ. ತಂಗಿಯ ಮಗ, ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ಆರ್ಚ್ ಪಂಥದವನು. 2002ರಲ್ಲಿ ಹುಟ್ಟಿದ ಆರ್ಚ್‌ನಲ್ಲಿ ಆವೃತ್ತಿ ಎಂಬುದೇ ಇಲ್ಲ. ಹೊಸದು ಬಂದ ಹಾಗೆ ಬಂದು ಸೇರುತ್ತಲೇ ಇರುತ್ತದೆ. ಖಾಲಿ ಪರದೆಯಲ್ಲಿ ಒಂದೊಂದೇ ಆಜ್ಞೆ ಟೈಪಿಸಿ ಅದನ್ನು ಕಟ್ಟಿಕೊಂಡವನಿಗೆ ಸಿಗುವ ಅತಿ ದೊಡ್ಡ ಲಾಭವೆಂದರೆ, ಕಟ್ಟಿಕೊಂಡೆ ಎಂದು ಹೇಳಿಕೊಳ್ಳುವ ಹಕ್ಕು. ಟೈಗರ್ ಸರ್ಕಲ್‌ನಲ್ಲಿ ಚಹಾ ಕುಡಿಯುತ್ತ ಮಾವ-ಅಳಿಯ ವಾದಕ್ಕೆ ನಿಂತರೆಂದರೆ ಅತ್ತ ಬಸ್ಸುಗಳು ಬರುತ್ತವೆ, ಹೋಗುತ್ತವೆ. “ಮಾವ, ಉಬುಂಟು ಎಲ್ಲ ಪ್ರಾಯ ಆದವರಿಗೆ” ಎನ್ನುತ್ತಾನೆ ಹುಡುಗ. “ನಿನ್ನ ಅಜ್ಜಿಗೆ ಹಾಕಿಕೊಡ್ತೀಯಾ ಆರ್ಚ್?” ಎಂದು ಭಾವ ಕೇಳುತ್ತಾರೆ. ಹುಡುಗ ಯೋಚಿಸಿ, “ಹಾಕಬಹುದು, ಅಜ್ಜಿ ವಿಕಿ ಓದಬೇಕಾಗ್ತದೆ” ಎನ್ನುತ್ತಾನೆ. ಈ ವಾದದಲ್ಲಿ ಯಾರೂ ಗೆಲ್ಲುವುದಿಲ್ಲ. ಚಹಾದ ದುಡ್ಡು ಮಾತ್ರ ಪ್ರತಿ ಸಲ ಭಾವನೇ ಕೊಡುವುದು.

ಕಾರ್ಕಳದ ದೊಡ್ಡಪ್ಪ ಇನ್ನೊಂದು ಬಗೆ. ನಿವೃತ್ತ ಹೈಸ್ಕೂಲು ಮೇಷ್ಟ್ರು, ಡೆಬಿಯನ್‌ನಲ್ಲಿ ಕೂತವರು ಎದ್ದೇ ಇಲ್ಲ. 1993ರಲ್ಲಿ ಹುಟ್ಟಿದ ಡೆಬಿಯನ್‌ಗೆ ಆತುರವೆಂಬುದಿಲ್ಲ. ತಯಾರಾಯಿತು ಎನ್ನಿಸಿದಾಗ ಬಿಡುಗಡೆ, ಸುಮಾರಾಗಿ ಎರಡು ವರ್ಷಕ್ಕೊಮ್ಮೆ. ‘ಟಾಯ್ ಸ್ಟೋರಿ’ ಚಿತ್ರದ ಗೊಂಬೆಗಳ ಹೆಸರುಗಳನ್ನೇ ಆವೃತ್ತಿಗೆ ಇಡುತ್ತಾರೆ. 2023ರ ಜೂನ್‌ನಲ್ಲಿ ಬಂದದ್ದು ಬುಕ್‌ವರ್ಮ್. ಪುಸ್ತಕದ ಹುಳುವಾದ ದೊಡ್ಡಪ್ಪನಿಗೆ ಆ ಹೆಸರೇ ಸಾಕಾಯಿತು. ಅದಕ್ಕೂ ಮೊದಲು ಡೆಬಿಯನ್‌ನವರು ಸಿದ್ಧಾಂತದ ಕಾರಣಕ್ಕೆ ಮುಕ್ತವಲ್ಲದ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರಿನಲ್ಲಿ ಸೇರಿಸುತ್ತಿರಲಿಲ್ಲ. ಹಾಗಾಗಿ ಎಷ್ಟೋ ಯಂತ್ರಗಳಲ್ಲಿ ವೈಫೈ ಏಳುತ್ತಿರಲಿಲ್ಲ. ದೊಡ್ಡಪ್ಪ ಅಷ್ಟೂ ಕಾಲ ಕೇಬಲ್ ಎಳೆದುಕೊಂಡು ಕೂತರೇ ಹೊರತು ಪಕ್ಷ ಬದಲಿಸಲಿಲ್ಲ. ಹೊಸದೇನೂ ಬರುವುದಿಲ್ಲವಲ್ಲ ಎಂದು ಭಾವ ಚುಚ್ಚಿದರೆ ಅವರ ಉತ್ತರ ತಯಾರಿರುತ್ತದೆ: “ನಮ್ಮ ಗೊಮ್ಮಟ 1432ರಿಂದ ನಿಂತಿದ್ದಾನೆ. ಹನ್ನೆರಡು ವರ್ಷಕ್ಕೊಮ್ಮೆ ಅಭಿಷೇಕ, ಅಷ್ಟೇ ಅಪ್‌ಡೇಟ್. ಒಮ್ಮೆಯಾದರೂ ಹ್ಯಾಂಗ್ ಆದದ್ದು ಕೇಳಿದ್ದೀಯಾ?”

ಕಾಪು ಕಡೆಯವರಿಗೆ ಈ ಸಿದ್ಧಾಂತಗಳು ಬೇಡ. ಅಲ್ಲಿ ದೋಣಿಯ ಲೆಕ್ಕ ಬರೆಯುವ ಒಬ್ಬರ ಕಂಪ್ಯೂಟರಿಗೆ ಭಾವ 22.04 ಹಾಕಿ, ಅದರ ಹೆಸರು ‘ಜಾಮಿ ಜೆಲ್ಲಿಫಿಶ್’ ಎಂದರು. ಜೆಲ್ಲಿಫಿಶ್ ಎಂದೊಡನೆ ಅವರ ಮುಖ ಸಣ್ಣದಾಯಿತು. “ಅದು ಬಲೆಗೆ ಬಿದ್ರೆ ಕೈಯೆಲ್ಲ ತುರಿಕೆ. ನೀವು ಮನೆಯೊಳಗೇ ತಂದು ಬಿಟ್ರಲ್ಲ!” ಮಟ್ಟುವಿನಲ್ಲಿರುವ ಭಾವನ ತಂಗಿಯ ಮನೆಯಲ್ಲಿ ಉಬುಂಟುವಿನ ಚರಿತ್ರೆ ಇನ್ನೂ ಹಳೆಯದು. 2005ರಿಂದ 2011ರವರೆಗೆ ಉಬುಂಟುವಿನವರು ಕೇಳಿದವರಿಗೆಲ್ಲ ಪುಕ್ಕಟೆಯಾಗಿ, ಅಂಚೆಯಲ್ಲಿ ಸಿಡಿ ಕಳಿಸುತ್ತಿದ್ದರು. ಭಾವ ಬಂಧುಗಳೆಲ್ಲರ ವಿಳಾಸಕ್ಕೂ ತರಿಸಿದ್ದರು. ತಂಗಿ ಅವನ್ನು ದಾರಕ್ಕೆ ಪೋಣಿಸಿ, ಹಕ್ಕಿ ಓಡಿಸಲೆಂದು ಗುಳ್ಳ ಬದನೆಯ ಗದ್ದೆಗೆ ಕಟ್ಟಿಬಿಟ್ಟಳು. ಬಿಸಿಲಿಗೆ ಮಿರಮಿರ ಮಿಂಚುತ್ತ, ವರ್ಷಗಟ್ಟಲೆ, ಒಂದು ಅಪ್‌ಡೇಟೂ ಕೇಳದೆ ಅವು ಕೆಲಸ ಮಾಡಿದವು. ನಮ್ಮ ಕುಟುಂಬದಲ್ಲಿ ಇಷ್ಟು ಕಾಲ ತಂಟೆಯಿಲ್ಲದೆ ನಡೆದ ಉಬುಂಟು ಬೇರೆ ಇಲ್ಲ.

ಭಾವನ ಸುಗ್ಗಿ ಬಂದದ್ದು 2025ರ ಅಕ್ಟೋಬರ್ 14ಕ್ಕೆ. ಅಂದು ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಬೇಕು. ನಮ್ಮವರ ಮನೆಗಳಲ್ಲಿ ಇದ್ದದ್ದು ಮಕ್ಕಳ ಪಿಯುಸಿಗೆಂದು ತಂದ ಆರನೇ ತಲೆಮಾರಿನವು. ಕಂಪ್ಯೂಟರ್ ಗಟ್ಟಿಮುಟ್ಟಾಗಿಯೇ ಇದೆ, ಎಸೆಯಲು ಮನಸ್ಸಿಲ್ಲ. ಫೋನಿನ ಮೇಲೆ ಫೋನು. ಭಾವ ಬೆಳಿಗ್ಗೆ ಬನ್ಸ್ ತಿಂದು ಸ್ಕೂಟರ್ ಹತ್ತಿದರೆ ಸಂಜೆಯೇ ಮನೆಗೆ.

ಆ ದಿನಗಳಲ್ಲಿ ಅವರನ್ನು ಹತ್ತಿರದಿಂದ ನೋಡಿದ್ದು ಅಕ್ಕನ ಮಾವ, ಅಂದರೆ ಭಾವನ ತಂದೆಯವರ ಕಂಪ್ಯೂಟರಿನ ಮುಂದೆ. ಎಂಬತ್ತೆಂಟು ವರ್ಷದ ಅಜ್ಜ, ಕುಟುಂಬದ ನಾಗಬನದ ಇತಿಹಾಸವನ್ನು ನುಡಿ ತಂತ್ರಾಂಶದಲ್ಲಿ ಟೈಪಿಸುತ್ತಿದ್ದರು. ಭಾವ ಲಿನಕ್ಸ್ ಮಿಂಟ್ ಹಾಕಿ ಕಡತ ತೆರೆದರೆ ಪರದೆಯ ತುಂಬ ಕೊಂಬು-ಬಾಲ ಬಂದ ಇಂಗ್ಲಿಷ್ ಅಕ್ಷರಗಳು. ಹಳೆಯ ನುಡಿಯ ಅಕ್ಷರಗಳು ಯೂನಿಕೋಡ್ ಅಲ್ಲ, ಪರಿವರ್ತಿಸಿಕೊಳ್ಳಬೇಕು. ಅಜ್ಜ ಮಾತಾಡಲಿಲ್ಲ, ಕೋಲು ಮಾತ್ರ ಎರಡು ಸಲ ನೆಲಕ್ಕೆ ಕುಟ್ಟಿದರು. ಭಾವ ಪರಿವರ್ತಕ ಹುಡುಕಿ, ಕಡತ ಸರಿಮಾಡಿ, ಕೀಬೋರ್ಡ್ ಪಟ್ಟಿಯಲ್ಲಿ ‘ಕನ್ನಡ ಕಗಪ’ ಆರಿಸಿಕೊಟ್ಟರು. ಅಜ್ಜ ಒಂದು ಸಾಲು ಟೈಪಿಸಿದರು. ಬೆರಳು ಎಲ್ಲೂ ತಡೆಯಲಿಲ್ಲ. ನುಡಿಯದ್ದೂ ಇದರದ್ದೂ ಒಂದೇ ವಿನ್ಯಾಸ, ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತದ್ದು. “ಹಾಗಾದ್ರೆ ಇದರಲ್ಲಿ ಹೊಸತೆಂತ ಉಂಟು?” ಎಂದು ಅಜ್ಜ ಕೇಳಿದರು. ಏನೂ ಇಲ್ಲ ಎಂದು ಒಪ್ಪಿಕೊಳ್ಳಲು ಭಾವನಿಗೆ ಬಾಯಿ ಬರಲಿಲ್ಲ. ಹೊಸತೇನೂ ತಿಳಿಯದಿರುವುದೇ ಅಜ್ಜನಿಗೆ ಬೇಕಾಗಿದ್ದ ಡಿಸ್ಟ್ರೋ.

ಆ ಮಿಂಟ್ ಈಗಲೂ ಹಾಗೆಯೇ ನಡೆಯುತ್ತಿದೆ. 2029ರವರೆಗೆ ಅದಕ್ಕೆ ಬೆಂಬಲವೂ ಉಂಟು. ಭಾವನ ಸಂಕಟ ಶುರುವಾದದ್ದೇ ಅಲ್ಲಿಂದ. ವಾರಕ್ಕೊಮ್ಮೆ ತಂದೆಗೆ ಫೋನು: “ಏನಾದ್ರೂ ತೊಂದರೆ ಕೊಡ್ತಾ ಉಂಟಾ?” “ಇಲ್ಲ.” “ನಿಧಾನ ಆಗಿದ್ಯಾ?” “ಇಲ್ಲ ಮಾರಾಯ.” ಭಾವ ಫೋನಿಟ್ಟು ಸಪ್ಪೆ ಮುಖ ಮಾಡುತ್ತಾರೆ. ಸರಿಯಾದ ಡಿಸ್ಟ್ರೋ ಸಿಕ್ಕಿದರೆ ಆಗುವ ನಷ್ಟ ಇದೇ. ಮತ್ತೆ ಆರಿಸಲಿಕ್ಕಿರುವುದಿಲ್ಲ. ತಮ್ಮ ಮನೆಯ ಪಟ್ಟಿಯಲ್ಲಿ ಐದನ್ನೂ ಏಕೆ ಉಳಿಸಿಕೊಂಡಿದ್ದಾರೆಂಬುದು ನನಗೆ ಆಗ ತಿಳಿಯಿತು.

ಮೊನ್ನೆ ಹೋದಾಗ ಅಕ್ಕ ಕರೆಂಟ್ ಬಿಲ್ಲನ್ನು ಮೊಬೈಲಿನಲ್ಲೇ ಕಟ್ಟುತ್ತಿದ್ದಳು. ಭಾವನಿಗೆ ಹುರುಪು ಬಂತು. “ಆಂಡ್ರಾಯ್ಡ್ ಒಳಗೆ ಇರುವುದು ಲಿನಕ್ಸ್ ಕರ್ನೆಲ್ಲೇ, ಗೊತ್ತುಂಟಾ? ನೀನೂ ಲಿನಕ್ಸಿನವಳೇ ಆದೆ!”

“ಹೌದಾ? ಹತ್ತು ವರ್ಷ ಆಯ್ತು, ಯಾವುದು ಹಾಕುದು ಅಂತ ನಾನು ಯಾರ ಹತ್ರವೂ ಕೇಳಲಿಲ್ಲವಲ್ಲ” ಎಂದಳು ಅಕ್ಕ, ಬಿಲ್ಲಿನಿಂದ ಕಣ್ಣೆತ್ತದೆ.

ಭಾವ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಮೆಲ್ಲ ಕೈ ಚಾಚಿ, “ಯಾವ ವರ್ಷನ್ ಉಂಟು, ಇಲ್ಲಿ ಕೊಡು ನೋಡುವ” ಎಂದರು. ಅಂದಿನಿಂದ ಅಕ್ಕನ ಫೋನಿಗೆ ಬೀಗ ಬಿದ್ದಿದೆ. ಅದರ ಪಾಸ್‌ವರ್ಡ್ ಗೊತ್ತಿಲ್ಲದವರು ನಮ್ಮ ಕುಟುಂಬದಲ್ಲಿ ಒಬ್ಬರೇ.