ಆರು ತಿಟ್ಟು, ಆರು ಪ್ರಮಾಣ: ಸಂತೆಮರಹಳ್ಳಿ ಪಕ್ಷಿಮೀಮಾಂಸೆ

ಅನುಬಂಧ ಚತುಷ್ಟಯ

ಯಾವ ಶಾಸ್ತ್ರಗ್ರಂಥವೇ ಆಗಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಹೇಳದಿದ್ದರೆ ಓದುಗ ಎದ್ದುಹೋಗುತ್ತಾನೆ, ಹೇಳಿದರೂ ಹೋಗಬಹುದು. ಈ ಗ್ರಂಥದ ವಿಷಯ, ಶ್ರೀರಂಗಪಟ್ಟಣದ ಬಳಿ ಕಾವೇರಿಯೊಳಗಿನ ರಂಗನತಿಟ್ಟಿನಲ್ಲಿ ದೋಣಿಯವರು ಮಾಡಿಸುವ ಪಕ್ಷಿದರ್ಶನ. ಪ್ರಯೋಜನ, ಭಾನುವಾರ ಕಳೆಯುವುದು. ಸಂಬಂಧ, ಹಕ್ಕಿಗೂ ಟಿಕೆಟ್ಟಿಗೂ ಇರುವ ಅವಿನಾಭಾವ. ಇನ್ನು ಅಧಿಕಾರಿ: ಸಂತೆಮರಹಳ್ಳಿಯಲ್ಲಿ ಬೆಳಗಿನ ಇಡ್ಲಿ ಮುಗಿಸಿ, ಮೂಗೂರು, ತಿರುಮಕೂಡಲು ನರಸೀಪುರ, ಮೈಸೂರು ಎಂದು ಊರೂರು ದಾಟುತ್ತಾ, ದಾರಿಯ ಎರಡೂ ಬದಿ ಗದ್ದೆಯಲ್ಲಿ ನಿಂತ ಬೆಳ್ಳಕ್ಕಿಗಳ ಕಡೆ ಕತ್ತು ಕೂಡ ಹೊರಳಿಸದೆ, ಹಕ್ಕಿ ನೋಡಲೆಂದು ಹೊರಟವನು. ಈ ಕೊನೆಯ ಲಕ್ಷಣವಿಲ್ಲದವನಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ.

ದ್ವೀಪೋತ್ಪತ್ತಿ ಪ್ರಕರಣ

ತಿಟ್ಟುಗಳು ಅನಾದಿಯೋ, ಸಾದಿಯೋ? ಅನಾದಿ ಎಂಬುದು ಪ್ರವಾಸಿಗರ ಮತ. ದೋಣಿ ಹತ್ತಿದೊಡನೆ ‘ಆಹಾ, ಪ್ರಕೃತಿ!’ ಎಂದು ಕಣ್ಣು ಮುಚ್ಚಿಕೊಳ್ಳುವವರೆಲ್ಲ ಈ ಮತಸ್ಥರೇ. ಸಾದಿ ಎಂಬುದು ಚರಿತ್ರೆಕಾರರ ಮತ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ ಹೊಳೆಗೆ ಅಡ್ಡಲಾಗಿ ಒಡ್ಡು ಎದ್ದಿತು, ನೀರು ಹರಡಿಕೊಂಡಿತು, ತಿಟ್ಟುಗಳು ಉಳಿದವು. ಒಡ್ಡು ಕಟ್ಟಿಸುವ ದೊರೆಯ ಕಣ್ಣು ಗದ್ದೆಯ ಮೇಲಿರುತ್ತದೆಯೇ ಹೊರತು ಕೊಕ್ಕರೆಯ ಮೇಲಲ್ಲ. ಕೊಕ್ಕರೆಗಳು ಅರ್ಜಿ ಗುಜರಾಯಿಸದೆಯೇ ಬಂದು ಒಕ್ಕಲಾದವು. ಸುತ್ತ ನೀರಿರುವ ಮರಕ್ಕೆ ನರಿ ಬಾರದು, ಬೆಕ್ಕು ಬಾರದು, ಕಲ್ಲು ಬೀರುವ ಹುಡುಗರೂ ಬಾರರು.

1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದ ಸಲೀಂ ಅಲಿ ಇಲ್ಲಿನ ಗೂಡುಗಳನ್ನು ಕಂಡು ಅರಮನೆಗೆ ವಿಷಯ ಮುಟ್ಟಿಸಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ, ಇರಾನಿನ ರಾಮ್ಸರ್ ಎಂಬ ಊರಿನಲ್ಲಿ 1971ರಲ್ಲಾದ ಒಪ್ಪಂದದ ಪಟ್ಟಿಗೆ ಕರ್ನಾಟಕದ ಮೊದಲ ಜೌಗುನೆಲವಾಗಿ ಸೇರಿತು. ಹೀಗೆ ಗಾರೆಯವರು, ದೊರೆ, ವಿದ್ವಾಂಸ, ಅಂತರರಾಷ್ಟ್ರೀಯ ಮೊಹರು ಎಲ್ಲ ಕೂಡಿ ಹುಟ್ಟಿಸಿದ್ದಕ್ಕೆ ‘ಪ್ರಕೃತಿ’ ಎಂದು ಹೆಸರು. ಇದು ದೋಷವಲ್ಲ, ಲಕ್ಷಣ.

ಮೊದಲಿಗೆ ಇಲ್ಲಿ 25 ತಿಟ್ಟುಗಳಿದ್ದವು ಎನ್ನುತ್ತಾರೆ. ಸಾಂಖ್ಯರ ತತ್ತ್ವಗಳೂ 25. ಈಗ ಪಕ್ಷಿಧಾಮದ ತಿಟ್ಟುಗಳು ಆರು ಎಂಬ ಲೆಕ್ಕ. ಭಾಟ್ಟ ಮೀಮಾಂಸಕರ ಪ್ರಮಾಣಗಳೂ ಆರು. ಹೊಳೆಯಲ್ಲಿ ಸಾಂಖ್ಯ ಕೊಚ್ಚಿಹೋಗಿ ಮೀಮಾಂಸೆ ಉಳಿಯಿತೆಂದು ಇದರ ಅರ್ಥ. ಇದನ್ನು ಕಾಕತಾಳೀಯ ಎನ್ನುವಂತಿಲ್ಲ, ಇಲ್ಲಿರುವುದು ನೀರುಕಾಗೆ.

ಒಂದು: ಪ್ರತ್ಯಕ್ಷ

ಕಣ್ಣಿಗೂ ವಸ್ತುವಿಗೂ ನೇರ ಸಂಪರ್ಕವಾದರೆ ಪ್ರತ್ಯಕ್ಷ. ದೋಣಿಯಲ್ಲಿ ಈ ಸಂಪರ್ಕದ ನಡುವೆ ಮುಂದಿನ ಸಾಲಿನವರ ಟೋಪಿ, ಲೈಫ್ ಜಾಕೆಟ್ಟಿನ ಕಾಲರು, ಸೆಲ್ಫಿ ಹಿಡಿದ ಕೈ ಬರುತ್ತವೆ. ಇವನ್ನೆಲ್ಲ ದಾಟಿದ ಜ್ಞಾನವೂ ಭ್ರಮೆಯಾಗಬಹುದು. ಹಗ್ಗವನ್ನು ಹಾವೆಂದು ತಿಳಿಯುವುದು ವೇದಾಂತಿಗಳ ಹಳೆಯ ಉದಾಹರಣೆ. ರಂಗನತಿಟ್ಟಿನಲ್ಲಿ ಅದು ಎರಡು ಬಗೆ. ಬಂಡೆಯೆಂದು ತಿಳಿದದ್ದು ಬಾಯಿ ತೆರೆದರೆ ಮೊಸಳೆ. ಹಾವೆಂದು ತಿಳಿದದ್ದು ಮೀನು ಕಚ್ಚಿಕೊಂಡು ಮೇಲೆದ್ದರೆ ಹಾವಕ್ಕಿ: ಮೈಯೆಲ್ಲ ನೀರಿನಲ್ಲಿ ಅದ್ದಿ, ಬಳುಕುವ ಕತ್ತನ್ನಷ್ಟೇ ಮೇಲಿಟ್ಟು ಈಜುವುದು ಅದರ ಪದ್ಧತಿ. ಮೊದಲ ಭ್ರಮೆ ನಿವಾರಣೆಯಾದಾಗ ದೋಣಿ ಒಂದು ಕಡೆಗೆ ವಾಲುತ್ತದೆ. ಎರಡನೆಯದರಲ್ಲಿ ಇನ್ನೊಂದು ಕಡೆಗೆ. ಸಮತೋಲನ ಕಾಯುವ ದೋಣಿಯವರೊಬ್ಬರೇ ಇಲ್ಲಿನ ಸ್ಥಿತಪ್ರಜ್ಞರು.

ಎರಡು: ಅನುಮಾನ

ಹೊಗೆಯಿದ್ದಲ್ಲಿ ಬೆಂಕಿ ಎಂಬುದು ಒಲೆಯ ತರ್ಕ. ಇಲ್ಲಿನ ವ್ಯಾಪ್ತಿ ಬೇರೆ: ಎಲ್ಲಿ ಮರ ಸುಣ್ಣ ಬಳಿದಂತಿದೆಯೋ ಅಲ್ಲಿ ಗೂಡು. ಹೊಳೆಮತ್ತಿಯ ಎಲೆಗಳು ಹಿಕ್ಕೆಯಿಂದ ಬೆಳ್ಳಗಾಗಿದ್ದರೆ ಹಕ್ಕಿಯನ್ನು ನೋಡಬೇಕಾದ ಅಗತ್ಯವೇ ಇಲ್ಲ; ಮೂಗಿದ್ದರೆ ಸಾಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಇದೇ ಹೇತುವನ್ನು ಮರದಡಿಯಿಂದ ಬಳಿದು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಾರೆ. ತರ್ಕಶಾಸ್ತ್ರದಿಂದ ಬೆಳೆ ಬಂದ ನಿದರ್ಶನ ಬೇರೆಲ್ಲೂ ಇಲ್ಲ.

ಮೂರು: ಉಪಮಾನ

ಹಸುವಿನಂತಿರುವುದು ಕಾಡುಹಸು ಎಂದು ಕೇಳಿದವನು ಕಾಡಿನಲ್ಲಿ ಅದನ್ನು ಗುರುತಿಸುತ್ತಾನೆ, ಇದು ಉಪಮಾನ. ಚಮಚ ಕೊಕ್ಕಿನ ಹಕ್ಕಿ ತನ್ನ ಉಪಮಾನವನ್ನು ಮುಖದ ಮೇಲೆಯೇ ಹೊತ್ತಿರುವುದರಿಂದ ಪರೀಕ್ಷೆ ಸುಲಭ. ಕಷ್ಟವಿರುವುದು ಬಾಯ್ಕಳಕ ಕೊಕ್ಕರೆಯಲ್ಲಿ. ಬಾಯಿ ಮುಚ್ಚಿದರೂ ಕೊಕ್ಕಿನ ನಡುವೆ ಕಂಡಿ ಉಳಿಯುವ ಇದನ್ನು ‘ಅಡಕತ್ತರಿಯಂಥ ಹಕ್ಕಿ’ ಎಂದು ಹೇಳಿಕೊಟ್ಟರೆ ನಮ್ಮ ಸೀಮೆಯ ಅಜ್ಜಿಯರು ದುರ್ಬೀನಿಲ್ಲದೆ ಗುರುತಿಸಿಯಾರು. ಆದರೆ ಅದು ಕತ್ತರಿಸುವುದು ಅಡಕೆಯನ್ನಲ್ಲ. ಬಸವನಹುಳುವನ್ನು ಹಿಡಿದು, ಚಿಪ್ಪಿನೊಳಗಿನ ಮಾಂಸ ಬಿಡಿಸಿ ತಿನ್ನುತ್ತದೆ. ಎಳೆಯ ಮರಿಗೆ ಈ ಕಂಡಿ ಇರುವುದಿಲ್ಲ, ಬೆಳೆಯುತ್ತ ಮೂಡುತ್ತದೆ. ಬಸವನಹುಳು ಇರುವುದು ತಿಟ್ಟಿನ ಕೊಂಬೆಯ ಮೇಲಲ್ಲ ಎಂಬುದನ್ನು ಓದುಗರು ಗಂಟು ಹಾಕಿಕೊಳ್ಳಬೇಕು. ಐದನೆಯ ಪ್ರಮಾಣದಲ್ಲಿ ಬಿಚ್ಚಲಿದೆ.

ನಾಲ್ಕು: ಶಬ್ದ

ಆಪ್ತರ ಮಾತೇ ಶಬ್ದಪ್ರಮಾಣ. ಇಲ್ಲಿ ಆಪ್ತರೆಂದರೆ ಹುಟ್ಟು ಹಾಕುವವರು. ಆದರೆ ಪ್ರವಾಸಿಗರಿಗೆ ಬೇಕಾದ ಶಬ್ದವೇ ಬೇರೆ.

‘ಇವು ಆಸ್ಟ್ರೇಲಿಯಾದಿಂದ ಬಂದಿರೋವಾ?’

‘ಇಲ್ಲ ಸಾರ್, ನಮ್ಮ ದೇಶದವೇ. ಇಲ್ಲೂ ಗೂಡು ಕಟ್ತವೆ, ಅತ್ಲಾಗೆ ಮದ್ದೂರ್ ಕಡೆ ಬೆಳ್ಳೂರಲ್ಲೂ ಕಟ್ತವೆ.’

ಬಣ್ಣದ ಕೊಕ್ಕರೆಯ ಬೆಲೆ ದೋಣಿಯಲ್ಲಿ ಥಟ್ಟನೆ ಇಳಿಯುತ್ತದೆ. ಸೈಬೀರಿಯಾ ಎಂದಿದ್ದರೆ ನಾಲ್ಕು ಫೋಟೊ ಹೆಚ್ಚು ಬೀಳುತ್ತಿತ್ತು. ಹೆಜ್ಜಾರ್ಲೆಗೂ ಇದೇ ಗತಿ: ಗಂಟಲ ಚೀಲ ಎಷ್ಟು ದೊಡ್ಡದಿದ್ದರೇನು, ಮದ್ದೂರಿನದು ಮದ್ದೂರಿನದೇ. ನಿಜವಾದ ಪರದೇಶಿಗಳು ಬೇಕಾದವರು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಚಳಿಗಾಲದಲ್ಲಿ ಹೋಗಬೇಕು. ಮಂಗೋಲಿಯಾದಲ್ಲಿ ಕತ್ತುಪಟ್ಟಿ ಹಾಕಿಸಿಕೊಂಡು, ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಸಿಕ್ಕಿವೆ. ಹಾರಿ ಬಂದ ದಾರಿ ಇಷ್ಟು ದೊಡ್ಡದಾದರೂ ಅವನ್ನು ತೋರಿಸಲು ದೋಣಿಯಿಲ್ಲ. ದೋಣಿಯಿಲ್ಲದ್ದರಿಂದ ಅವು ಶಾಸ್ತ್ರದ ಹೊರಗೆ.

ಐದು: ಅರ್ಥಾಪತ್ತಿ

ಮೀಮಾಂಸಕರ ದೇವದತ್ತನನ್ನು ಎಲ್ಲರೂ ಬಲ್ಲರು. ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಲೇಬೇಕು. ಶತಮಾನಗಳಿಂದ ಈ ದೇವದತ್ತ ಯಾರೆಂಬುದು ಬಗೆಹರಿದಿರಲಿಲ್ಲ. ಪ್ರಸ್ತುತ ಸಂಶೋಧನೆಯಿಂದ ಆತ ರಾತ್ರಿಬಕನೆಂದು ಸಿದ್ಧವಾಗಿದೆ. ಹಗಲೆಲ್ಲ ಬಿದಿರುಮೆಳೆಯಲ್ಲಿ ಕತ್ತು ಒಳಗೆಳೆದು, ಪಿಂಚಣಿದಾರರ ಹಾಗೆ ಕೂತಿರುತ್ತದೆ; ಮೈ ಮಾತ್ರ ಗುಂಡಗಿದೆ; ಕತ್ತಲಾದ ಮೇಲೆ ಮೀನಿಗೆ ಹೊರಡುತ್ತದೆ.

ಈ ಪ್ರಮಾಣವನ್ನು ಒಂದು ಹೆಜ್ಜೆ ಮುಂದಕ್ಕೆ ಕೊಂಡೊಯ್ಯೋಣ. ತಿಟ್ಟಿನ ಮರಗಳಲ್ಲಿ ಸಾಲುಸಾಲು ಗೂಡು. ಗೂಡಿನ ಮರಿಗಳು ದಪ್ಪಗಿವೆ. ತಿಟ್ಟಿನ ಕೊಂಬೆಯಲ್ಲಿ ಮೀನು ಬೆಳೆಯುವುದಿಲ್ಲ, ಬಸವನಹುಳು ಕಾಯುವುದಿಲ್ಲ. ಆದ್ದರಿಂದ ಊಟ ಹೊರಗಿನದೆಂದು ಕಲ್ಪಿಸಲೇಬೇಕು: ಹೊಳೆಯ ತಗ್ಗು, ಸುತ್ತಲ ಕೆರೆಯಂಗಳ, ನೀರು ಕಟ್ಟಿದ ಭತ್ತದ ಗದ್ದೆ. ಬಣ್ಣದ ಕೊಕ್ಕರೆ ಕೊಕ್ಕನ್ನು ಅರೆತೆರೆದು ನೀರಿನಲ್ಲಿ ಅದ್ದಿ ಅತ್ತಿತ್ತ ಆಡಿಸುವುದು ಮೊಳಕಾಲುದ್ದದ ನೀರಿನಲ್ಲಿ. ಅಂಥ ನೀರು ರೈತರ ಬಳಿ ಇರುತ್ತದೆ, ಟಿಕೆಟ್ ಕೌಂಟರಿನ ಬಳಿಯಲ್ಲ. ಮರಿಗಳು ರೆಕ್ಕೆ ಬಲಿತ ಮೇಲೆ ಊರೂರಿನ ಕೆರೆಗಳಿಗೆ ಚದುರುತ್ತವೆ. ತಿಟ್ಟನ್ನು ಎಷ್ಟೇ ಚೆನ್ನಾಗಿ ಕಾಪಾಡಿ, ಕೆರೆ ಒಣಗಿದರೆ ದೇವದತ್ತ ರಾತ್ರಿಯೂ ಉಪವಾಸ.

ಆರು: ಅನುಪಲಬ್ಧಿ

ಇಲ್ಲದ್ದನ್ನು ಇಲ್ಲವೆಂದು ತಿಳಿಸುವುದು ಅನುಪಲಬ್ಧಿ. ಮಳೆಗಾಲದಲ್ಲಿ ಮೇಲಿನ ಕೃಷ್ಣರಾಜಸಾಗರ ತುಂಬಿ ನೀರು ಬಿಟ್ಟರೆ ದೋಣಿಯಿಲ್ಲ. ಹೊಳೆ ಇನ್ನೂ ಏರಿದರೆ ತಿಟ್ಟೂ ಇಲ್ಲ. 2018, 2019ರ ಪ್ರವಾಹಗಳಲ್ಲಿ ಈ ಪ್ರಮಾಣ ಧಾರಾಳವಾಗಿ ಲಭ್ಯವಾಯಿತು. ನೀರಿಳಿದ ಮೇಲೆ ಕೊರೆದ ಅಂಚಿಗೆ ಮರಳುಚೀಲ ಒಟ್ಟಬೇಕು, ಮಣ್ಣು ತುಂಬಬೇಕು, ಸಸಿ ನೆಡಬೇಕು. ಮುಂದಿನ ಹೊಳೆಗೆ ಮತ್ತೆ ಕಾಯಬೇಕು. ಪ್ರವಾಸಿಗರು ‘ಪ್ರಕೃತಿ’ ಎಂದು ಕಣ್ಣು ಮುಚ್ಚಿದ್ದರಲ್ಲ, ಅದರ ಅಡಿಯಲ್ಲಿ ಇರುವುದು ಮೂಟೆ ಹೊತ್ತವರ ಬೆನ್ನು. ಕ್ಯಾಮೆರಾಗಳಲ್ಲಿ ಅದರ ಅನುಪಲಬ್ಧಿ.

ಇಲ್ಲದ್ದನ್ನು ತಿಳಿಯಲು ಇದ್ದದ್ದನ್ನು ಎಣಿಸಿರಬೇಕು. ಆ ಎಣಿಕೆಯಲ್ಲಿ ಒಂದು ಹಕ್ಕಿ ತಪ್ಪಿದರೇನು ಎನ್ನುವವರಿಗೆ ಸಂತೆಮರಹಳ್ಳಿಯವರ ಉತ್ತರ ಸಿದ್ಧವಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದರ ಬೆಲೆಯನ್ನು ನಮಗೆ ಪಕ್ಷಿತಜ್ಞರು ಕಲಿಸಬೇಕಾಗಿಲ್ಲ. 2008ರ ಹೊತ್ತಿಗೆ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಹೋಯಿತು: ಒಂದು ಹನಿ ಮಳೆಯಿಲ್ಲದೆ ಮುಳುಗಿದ ತಿಟ್ಟು. ಅದಕ್ಕೆ ಯಾರೂ ಮರಳುಚೀಲ ತರಲಿಲ್ಲ.

ಪೂರ್ವಪಕ್ಷ, ಸಿದ್ಧಾಂತ

ಪೂರ್ವಪಕ್ಷವನ್ನು ಸಂತೆಯಲ್ಲಿ ಸೊಪ್ಪು ಮಾರುವ ಒಬ್ಬ ಅಜ್ಜಿ ಎತ್ತಿದರು: ‘ಅಲ್ಲ ಕನಪ್ಪ, ನಮ್ ಗದ್ದ ಕೊಕ್ಕರನ ನೋಡಕ್ಕ ಅಷ್ಟ್ ದೂರ ಹೋಗ್ಬೇಕಿತ್ತಾ?’

ಪಂಡಿತರ ಸಮಾಧಾನ: ಗದ್ದೆಯ ಕೊಕ್ಕರೆ ನಿಂತಿರುತ್ತದೆ, ತೋರಿಸಲ್ಪಡುವುದಿಲ್ಲ. ಬೆರಳು ಚಾಚಿ ‘ಅಲ್ನೋಡಿ ಸಾರ್’ ಎನ್ನುವವರು ಇಲ್ಲದಿದ್ದರೆ ಹಕ್ಕಿ ಇದ್ದೂ ಇಲ್ಲದ್ದೇ. ಆದ್ದರಿಂದ ಹೊಂಗನೂರಿನ ಹಿರಿಕೆರೆ, ಕೊಳ್ಳೇಗಾಲದ ಕಡೆಯ ಕುಂತೂರು ಕೆರೆ ಇವೆಲ್ಲ ಸಿದ್ಧಾಂತದ ಪ್ರಕಾರ ಬರಿಯ ನೀರು.

ಅಜ್ಜಿ ಮತ್ತೆ: ‘ಹಂಗಾರ ಕೆರ ಬತ್ತೋದ್ರ ನಿನ್ ತಿಟ್ನಲ್ಲಿ ಏನ ತೋರ್ಸಾರು?’

ಪಂಡಿತರು ತಾಂಬೂಲ ಹಾಕಿಕೊಂಡರು. ವಾದದಲ್ಲಿ ಬಾಯಿ ತುಂಬಿರುವುದಕ್ಕೆ ನಿಗ್ರಹಸ್ಥಾನವೆಂದು ಹೆಸರು.

ಫಲಶ್ರುತಿ

ಇದನ್ನು ಓದಿದವರಿಗೆ ದೋಣಿಯ ಮುಂದಿನ ಸಾಲು ದೊರೆಯುವುದು. ಓದಿಸಿದವರಿಗೆ ಮೊಸಳೆ ಬಾಯಿ ತೆರೆದೇ ಕಾಣುವುದು. ಬಸ್ಸಿನ ಕಿಟಕಿಯಿಂದ ಒಮ್ಮೆ ಗದ್ದೆಯ ಕಡೆ ನೋಡಿದವರಿಗೆ ಪ್ರವಾಸದ ಅರ್ಧ ಖರ್ಚು ಉಳಿಯುವುದು. ಅವರು ಅಧಿಕಾರಿ ಪದವಿಯಿಂದ ಚ್ಯುತರಾಗುವರು, ಅದಕ್ಕೆ ಪ್ರಾಯಶ್ಚಿತ್ತವಿಲ್ಲ. ತಮ್ಮೂರ ಕೆರೆಯ ಹೂಳೆತ್ತಿಸಿದವರಿಗೆ ಎರಡು ಮಳೆಗಾಲದೊಳಗೆ ಬಾಯ್ಕಳಕ ಪ್ರಸನ್ನವಾಗುವುದು. ಕೆರೆಯಂಗಳ ಒತ್ತುವರಿ ಮಾಡಿ ಜೋಳ ಬಿತ್ತಿದವರು ಇದನ್ನು ನೂರೆಂಟು ಸಲ ಪಾರಾಯಣ ಮಾಡಿದರೂ ಫಲವಿಲ್ಲ. ಅವರಿಗೆ ತಹಶೀಲ್ದಾರರ ನೋಟೀಸನ್ನೇ ನಿತ್ಯಪಠನಕ್ಕೆ ವಿಧಿಸಿದೆ.