ನೂರಮೂವತ್ತು ಅಡಿ

ವಿ.ವಿ. ಸಾಗರದ, ಅಂದರೆ ನಮ್ಮ ಮಾರಿಕಣಿವೆ ಡ್ಯಾಮಿನ, ತಾಲ್ಲೂಕಿನವನು ವಿ.ವಿ. ಪುರಕ್ಕೆ ಹೋಗಿ ಕೋಡಿ ಬಿದ್ದ ಕಥೆ ಇದು.

ಯಲ್ಲದಕೆರೆಯಿಂದ ಬೆಂಗಳೂರಿಗೆ ಹೊರಟಿದ್ದು ಅಕ್ಕನ ಮಗ ಹಿಡಿದ ಹೊಸ ಬಾಡಿಗೆ ಮನೆ ನೋಡುವ ನೆಪದಲ್ಲಿ. ಕಣ್ಣಿದ್ದದ್ದು ಮಾತ್ರ ಸಜ್ಜನರಾವ್ ವೃತ್ತದ ಪಕ್ಕದ ತಿಂಡಿ ಬೀದಿಯ ಮೇಲೆ. ಹೆಂಡತಿ ಅದನ್ನು ಮೊದಲೇ ಪತ್ತೆ ಹಚ್ಚಿದ್ದಳು. "ನೋಡ್ರಿ, ಕಂಡಿದ್ದೆಲ್ಲ ತಿನ್‌ಬ್ಯಾಡ್ರಿ."

"ಇದು ಮಾರಿಕಣಿವೆ ಹೊಟ್ಟೆ ಕಣೇ" ಎಂದೆ. "1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬೀಳಾಕೆ 2022 ಬರಬೇಕಾಯ್ತು. ಒಂದು ಸಂಜೆಗೆಲ್ಲ ತುಂಬಾದಲ್ಲ."

ಅದು ಜನವರಿ, ಅವರೆಕಾಯಿ ಕಾಲ. ಬೀದಿಯ ಬಾಯಿಗೆ ಕಾಲಿಡುವ ಮೊದಲೇ ಸೊಗಡು ಮೂಗು ಹಿಡಿದು ಎಳೆಯಿತು. ಮೊದಲು ಈ ತುದಿಯಿಂದ ಆ ತುದಿಗೆ ಸುಮ್ಮನೆ ಒಂದು ಸುತ್ತು ಹಾಕಿ, ಆಮೇಲೆ ತಿನ್ನಲು ಶುರು ಮಾಡಬೇಕೆಂಬುದು ನನ್ನ ಯೋಜನೆ. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೊದಲ ಜೋಡಿಗೇ ದುಡ್ಡು ಬಿಚ್ಚುತ್ತಾರೆಯೇ? ನಾನು ಬಿಚ್ಚಿದೆ. ಅವರೆಬೇಳೆ ದೋಸೆ.

"ಒಂದು ಪ್ಲೇಟ್ ಇಬ್ರೂ ಹಂಚ್ಕೊಳಾಣ ಮಾವ" ಎಂದ ಅಳಿಯ. ಮುದ್ದೆಯನ್ನು ಯಾರಾದರೂ ಹಂಚಿಕೊಂಡು ಉಂಡದ್ದುಂಟೇ? ಇಡೀ ದೋಸೆ ಒಬ್ಬನೇ ಮುಗಿಸಿದೆ. ನಮ್ಮ ಕಡೆ ಡ್ಯಾಮಿನ ನೀರನ್ನು ಅಡಿ ಲೆಕ್ಕದಲ್ಲಿ ಹೇಳುವುದು ರೂಢಿ, 130 ಅಡಿಗೆ ಭರ್ತಿ. ದೋಸೆಗೆ 80 ಆಯಿತು. ಅಕ್ಕಿರೊಟ್ಟಿಗೆ 100.

ಬಜ್ಜಿ ಗಾಡಿಯ ಮುಂದೆ ನಿಂತು, "ಮೆಣಸಿನಕಾಯಿ ಸರಿ, ಮಂಡಕ್ಕಿ ಎಲ್ಲಪ್ಪ?" ಎಂದೆ. ದುರ್ಗದ ಸೀಮೆಯಲ್ಲಿ ಮಂಡಕ್ಕಿ ಇಲ್ಲದ ಮೆಣಸಿನಕಾಯಿ ಎಂದರೆ ವಾಲಗವಿಲ್ಲದ ಮದುವೆ. ಹುಡುಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಖಾರ ಇರುತ್ತೆ ಸಾರ್" ಎಂದ. ನನಗೆ! "ನಾವು ಹಾಲು ಬಿಟ್ಟ ಮೇಲೆ ಹಿಡಿದದ್ದೇ ಮೆಣಸಿನಕಾಯಿ ಕಣಪ್ಪ" ಎಂದು ಭಾಷಣ ಬಿಗಿಯುತ್ತಲೇ ಕಚ್ಚಿದೆ. ಭಾಷಣ ಅಲ್ಲಿಗೆ ನಿಂತಿತು. ಎರಡೂ ಕಣ್ಣಲ್ಲಿ ವೇದಾವತಿ ಹೊಳೆ. 115.

ಉರಿ ಆರಲು ಗುಲ್ಕನ್–ಬೆಣ್ಣೆ ತಿನ್ನಬೇಕೆಂದ ಅಳಿಯ. ಕಣ್ಣು ಮಂಜಾಗಿತ್ತು, ಕಂಡ ಸಾಲಿನ ಬಾಲ ಹಿಡಿದು ನಿಂತೆ. ಹತ್ತು ನಿಮಿಷ ನೂಕಾಡಿ ಮುಂದೆ ಬಂದರೆ ಕೈಗೆ ಬಿದ್ದದ್ದು ತುಪ್ಪ ಸುರಿದ ಸುಡುಸುಡು ಕಾಯಿಹೋಳಿಗೆ. ಹತ್ತು ನಿಮಿಷ ನಿಂತ ಕಾಲುಗಳಿಗೆ ನ್ಯಾಯ ಸಿಗಬೇಕಲ್ಲ? ತಿಂದೆ. ಆಮೇಲೆ ಗುಲ್ಕನ್ನೂ ತಿಂದೆ. 130. ಅಲ್ಲಾದರೂ ಬಾಯಿ ಮುಚ್ಚಬಹುದಿತ್ತು. "ಪಡ್ಡು ಬ್ಯಾಡ್ವಾ ಮಾವ?" ಎಂದು ಅಳಿಯ ತಮಾಷೆಗೆ ಕೇಳಿದ. ನಾನದನ್ನು ಸವಾಲೆಂದುಕೊಂಡೆ.

ರಾತ್ರಿ ಬಸ್ಸು. ನೆಲಮಂಗಲ ದಾಟುವಾಗ ಹೊಟ್ಟೆಯೊಳಗೆ ಗುಡುಗು ಕೇಳಿಸಿತು. ಶಿರಾ ಬರುವಷ್ಟರಲ್ಲಿ ಮೂರು ಸಲ ಬಸ್ಸು ನಿಲ್ಲಿಸಿದ್ದೆ. ಮೂರನೇ ಸಲ ಇಳಿದು ಹತ್ತಿದಾಗ ಕಂಡಕ್ಟರ್ ಕರುಣೆಯಿಂದ ಕೇಳಿದ, "ಯಾವೂರು ಯಜಮಾನ್ರೇ?"

"ಯಲ್ಲದಕೆರೆ."

ಹಿಂದಿನ ಸೀಟಿನ ಕತ್ತಲಿಂದ ಯಾರೋ ಅಂದರು: "ಕೆರೆ ಏರಿ ಒಡೆದೈತೆ, ಬೇಗ ಬಿಡಣ್ಣ."

ಬೆಳಗಿನ ಜಾವ ಗೋಡೆ ಹಿಡಿದುಕೊಂಡು ಮನೆ ಸೇರಿದೆ. ಹೆಂಡತಿ ಏನೂ ಕೇಳಲಿಲ್ಲ. ಒಳಗೆ ಹೋಗಿ ಜೀರಿಗೆ ಕಷಾಯ ಕಾಯಿಸಿ, ಲೋಟವನ್ನು ಮೊರದಲ್ಲಿಟ್ಟು, ಅದಕ್ಕಿಷ್ಟು ಅರಿಶಿನ ಕುಂಕುಮ ಹಚ್ಚಿ ಎರಡೂ ಕೈಯಲ್ಲಿ ಹಿಡಿದು ತಂದಳು.

"ಕೋಡಿ ಬಿದ್ದೈತಂತೆ. ತಗಳ್ರಿ, ಬಾಗಿನ."